ಒಂದೇ ಗೂಡಿನ ತಪ್ಪು

ಅವ್ವನ ಪ್ರಕಾರ ನಮ್ಮಪ್ಪ ಸತ್ತಿದ್ದು ಒಂದು ಹುಂಜದ ದೆಸೆಯಿಂದ. ಡಾಕ್ಟರ ಪ್ರಕಾರ ಹತ್ತಿಯ ಧೂಳಿನಿಂದ. ನಾನು ಡಾಕ್ಟರ ಕಡೆ. ಈ ಒಂದು ಮಾತಿಗೆ ಅವ್ವ ಮತ್ತು ನಾನು ವರ್ಷಗಟ್ಟಲೆ ಜಗಳಾಡಿದ್ದೇವೆ. ಹಬ್ಬದ ದಿನ ಉಣ್ಣುವಾಗ ಆಡಿದ್ದೇವೆ, ಬಸ್ಸಿನಲ್ಲಿ ಅಕ್ಕಪಕ್ಕ ಕೂತು ಆಡಿದ್ದೇವೆ, ಒಮ್ಮೆ ಬೇರೆಯವರ ಮದುವೆ ಮನೆಯಲ್ಲೂ ಆಡಿದ್ದೇವೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಅವ್ವನಿಗೆ ಬರುವುದೇ ಇಲ್ಲ. ನಾನು ಕೂಗಾಡಿ ಸುಸ್ತಾದ ಮೇಲೆ ಅವಳು "ಆತು ಬಿಡು" ಎಂದು ಎದ್ದು ಹೋಗುತ್ತಿದ್ದಳು. ಅವಳ ನಂಬಿಕೆ ಮಾತ್ರ ಕೂದಲೆಳೆಯಷ್ಟೂ ಅಲುಗುತ್ತಿರಲಿಲ್ಲ.

ನಮ್ಮದು ಗಾದಿ ಹೊಲಿಯುವ ಮನೆತನ. ಶುಕ್ರವಾರ ಮಸೀದಿಗೆ ಹೋಗುವವರಾದರೂ ಮನೆಯೊಳಗಿನ ಮಾತು ಪೂರಾ ಕನ್ನಡ. ಅಪ್ಪ ಲಕ್ಷ್ಮೇಶ್ವರದ ಪೇಟೆಯಲ್ಲಿ ಹತ್ತಿ ಹಿಂಜಿ ಗಾದಿ, ದಿಂಬು, ರಜಾಯಿ ಮಾಡಿಕೊಡುತ್ತಿದ್ದ. ಗದಗ ಹೊಸ ಜಿಲ್ಲೆಯಾದಾಗ ಇನ್ನು ಕೆಲಸಕ್ಕೆಲ್ಲ ಧಾರವಾಡಕ್ಕೆ ಅಲೆಯುವುದು ತಪ್ಪಿತು ಎಂದು ಊರವರು ಖುಷಿಪಟ್ಟರೆ, ಅಪ್ಪನ ತಲೆ ಬೇರೆ ಕಡೆ ಓಡಿತು. ಜಿಲ್ಲೆ ಅಂದರೆ ಆಫೀಸು, ಆಫೀಸು ಅಂದರೆ ಸಾಹೇಬರು, ಸಾಹೇಬರು ಅಂದರೆ ಮೆತ್ತನೆಯ ಗಾದಿ. ಅಷ್ಟು ಯೋಚನೆ ಮಾಡಿದ್ದೇ ತಡ, ಬೆಟಗೇರಿಯಲ್ಲಿ ನೇಕಾರರ ಓಣಿಯ ತುದಿಗೆ ಒಂದು ಬಾಡಿಗೆ ಮನೆ ಹಿಡಿದು, ಹಿಂಜುವ ಮಷೀನನ್ನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು, ಅವ್ವನನ್ನೂ ಒಬ್ಬಳೇ ಮಗಳಾದ ನನ್ನನ್ನೂ ಕಟ್ಟಿಕೊಂಡು ಬಂದೇಬಿಟ್ಟ.

ಸಾಹೇಬರೇನೋ ಬಂದರು. ಬರುವಾಗ ತಮ್ಮ ತಮ್ಮ ಫೋಮ್ ಗಾದಿಗಳನ್ನು ಲಾರಿಯಲ್ಲಿ ಹಾಕಿಕೊಂಡೇ ಬಂದರು. ಅಪ್ಪನ ಗಾದಿಗಳ ಮೇಲೆ ಮಲಗಿದ್ದು ಅದೇ ನೇಕಾರರು, ಆಫೀಸಿನ ಜವಾನರು, ಹೊಂಬಳದ ಕಡೆಯಿಂದ ಮಗಳ ಮದುವೆಗೆಂದು ಗಾದಿ ಹೊಲಿಸಲು ಬರುತ್ತಿದ್ದ ರೈತರು. ಅಪ್ಪನಿಗೆ ಇದರಿಂದ ಬೇಜಾರಾದದ್ದನ್ನು ನಾನು ಕಾಣೆ. ಸಾಹೇಬರಿಗೆ ಹೇಗಿದ್ದರೂ ನಿದ್ದೆ ಬರುವುದಿಲ್ಲ, ಅವರಿಗೆ ಗಾದಿ ಕೊಟ್ಟು ಏನು ಉಪಯೋಗ ಎಂದು ನಗುತ್ತಿದ್ದ. ನಗು ಮುಗಿಯುವುದರೊಳಗೆ ಕೆಮ್ಮು ಶುರುವಾಗುತ್ತಿತ್ತು. ಲಕ್ಷ್ಮೇಶ್ವರದಲ್ಲಿದ್ದಾಗ ಬೆಳಗಿನ ಹೊತ್ತು ಮಾತ್ರ ಬರುತ್ತಿದ್ದ ಕೆಮ್ಮು ಬೆಟಗೇರಿಗೆ ಬಂದ ಮೇಲೆ ಹೊತ್ತುಗೊತ್ತು ನೋಡುವುದನ್ನು ಬಿಟ್ಟಿತು.

ಗದಗಿನ ಡಾಕ್ಟರು ಎಕ್ಸರೇ ತೆಗೆಸಿ, ಬೆಳಕಿಗೆ ಹಿಡಿದು, ಅವ್ವನಿಗೂ ನನಗೂ ತೋರಿಸಿದರು. ಚಿಕ್ಕಂದಿನಿಂದ ಎಳೆದುಕೊಂಡ ಹತ್ತಿಯ ಧೂಳು ಪುಪ್ಪುಸವನ್ನು ಹಾಳುಮಾಡಿದೆ, ಹತ್ತಿಯ ಕೆಲಸ ಪೂರ್ತಿ ಬಿಡಬೇಕು, ಮೈಯಲ್ಲಿ ಕಸುವಿಲ್ಲ, ದಿನಾ ಹಾಲು ತತ್ತಿ ತಿನ್ನಬೇಕು ಎಂದರು. ಅಪ್ಪ ಹೂಂ ಎಂದ. ಮನೆಗೆ ಬರುವಾಗ ದಾರಿಯಲ್ಲೇ ಅವ್ವ ಕೋಳಿ ಸಾಕುವುದೆಂದು ತೀರ್ಮಾನ ಮಾಡಿಬಿಟ್ಟಿದ್ದಳು. ಡಾಕ್ಟರು ಹೇಳಿದ ಅಷ್ಟೂ ಮಾತಿನಲ್ಲಿ ಅವಳ ಕೈಗೆ ಎಟುಕುವಂಥದ್ದು ತತ್ತಿ ಒಂದೇ ಆಗಿತ್ತು.

ನಮ್ಮ ಹಿತ್ತಲು ಎಂಥದ್ದು ಅಂದರೆ, ಹಿತ್ತಲು ಅನ್ನುವುದಕ್ಕೇ ನಾಚಿಕೆಯಾಗಬೇಕು. ಒಂದು ಕಡೆ ಬಚ್ಚಲು, ಒಂದು ಕಡೆ ನೇಕಾರರ ಮನೆಯ ಗೋಡೆ, ಅದರಾಚೆಯಿಂದ ದಿನವಿಡೀ ಮಗ್ಗದ ಸದ್ದು. ನಡುವೆ ಒಂದು ಬೇವಿನ ಗಿಡ. ಮನೆಯ ಹಿಂಬದಿಗೆ ತಗಡಿನ ಪಡಸಾಲೆ, ಅಲ್ಲಿ ಅಪ್ಪನ ಹೊರಸು. ಒಳಗೆ ಹತ್ತಿಯ ಧೂಳು ಇರುತ್ತದೆಂದು ಅವನು ಮಲಗುವುದನ್ನು ಅಲ್ಲಿಗೆ ಬದಲಿಸಿದ್ದೆವು. ಉಳಿದ ಜಾಗದಲ್ಲಿ ಬಟ್ಟೆ ಒಣಗಿಸಬೇಕು, ಪಾತ್ರೆ ತಿಕ್ಕಬೇಕು, ಈಗ ಕೋಳಿಯನ್ನೂ ಸಾಕಬೇಕು.

ಅವ್ವ ಹಿರೇವಡ್ಡಟ್ಟಿಯ ಹೆಣ್ಣು. ಅಲ್ಲಿ ಕೋಳಿಗೆ ಜಾಗ ಅಂತ ಯಾರೂ ಯೋಚಿಸುವುದಿಲ್ಲ. ಹಗಲೆಲ್ಲ ತಿಪ್ಪೆ, ಕಣ, ಹೊಲ ಅಂತ ಅಡ್ಡಾಡಿ ಸಂಜೆಗೆ ತಾವೇ ಬಂದು ಬುಟ್ಟಿಯೊಳಗೆ ಸೇರಿಕೊಳ್ಳುತ್ತವೆ. ಬೆಟಗೇರಿಯಲ್ಲಿ ಹಾಗೆ ಬಿಟ್ಟರೆ ಒಂದೋ ನಾಯಿ, ಇಲ್ಲ ಬೆಕ್ಕು, ಇಲ್ಲ ಪಕ್ಕದವರ ಸಾರು. ಆದ್ದರಿಂದ ಅವ್ವ ಹುಟ್ಟಿದಾರಭ್ಯ ಮೊದಲ ಸಲ ಕೋಳಿಯ ಮನೆಯನ್ನು ಲೆಕ್ಕ ಹಾಕಿ ಕಟ್ಟಬೇಕಾಯಿತು. ಬೆಳಿಗ್ಗೆ ಬಿಸಿಲು ಎಲ್ಲಿ ಬೀಳುತ್ತದೆ, ಮಧ್ಯಾಹ್ನ ಬೇವಿನ ನೆರಳು ಎಲ್ಲಿಗೆ ಬರುತ್ತದೆ, ಮುಂಗಾರಿನ ಗಾಳಿ ಯಾವ ಕಡೆಯಿಂದ ಎರಚಲು ಹೊಡೆಯುತ್ತದೆ ಎಂದು ದಿನಾ ನಿಂತು ನೋಡಿದಳು. ಒಂದೊಂದು ಕೋಳಿಗೆ ಮೊರದಗಲ ನೆಲ ಒಳಗೆ, ಅದರ ಎರಡು ಮೂರು ಪಟ್ಟು ಹೊರಗೆ. ಬಾಗಿಲು ಮೂಡಲಿಗೆ, ನೆಲ ಒಂದು ಗೇಣು ಎತ್ತರಕ್ಕೆ, ಬಚ್ಚಲ ನೀರು ಇತ್ತ ಹರಿಯದಂತೆ ಒಂದು ಸಣ್ಣ ಒಡ್ಡು. ಕೂರುವುದಕ್ಕೆ ಅಡ್ಡಗೋಲು, ತತ್ತಿ ಇಡುವುದಕ್ಕೆ ಶೇಂಗಾ ಹೊಟ್ಟು ಹಾಸಿದ ಬುಟ್ಟಿ. ಅವಳ ಅಳತೆಪಟ್ಟಿ ಅವಳ ಮೊಳಕೈ. ಅಪ್ಪ ಹೊರಸಿನ ಮೇಲೆ ಕೂತು ಇದನ್ನೆಲ್ಲ ನೋಡುತ್ತ, ತಾಜಮಹಲು ಕಟ್ಟುವಾಗಲೂ ಇಷ್ಟು ಅಳೆದಿರಲಿಕ್ಕಿಲ್ಲ ಎಂದು ಕಾಡಿಸುತ್ತಿದ್ದ.

ತಳಿಯ ಮಾತು ಬಂದಾಗ ಅವ್ವ ಹೆಣ್ಣು ನೋಡಲು ಹೋದ ಹಿರಿಯಳಂತೆ ಆಡಿದಳು. ಜವಾರಿ, ಅಂದರೆ ನಾಟಿ ಕೋಳಿ, ಚುರುಕು. ಹದ್ದಿನ ನೆರಳು ಬಿದ್ದರೆ ಸಾಕು, ಮರಿಗಳನ್ನು ರೆಕ್ಕೆಯೊಳಗೆ ಎಳೆದುಕೊಳ್ಳುತ್ತದೆ. ಮನೆಯ ಎಂಜಲು, ಜೋಳದ ನುಚ್ಚು ತಿಂದು ಬದುಕುತ್ತದೆ. ಆದರೆ ಒಂದಿಷ್ಟು ತತ್ತಿ ಇಟ್ಟ ಮೇಲೆ ಕಾವಿಗೆ ಕೂತುಬಿಡುತ್ತದೆ, ಆಮೇಲೆ ತಿಂಗಳುಗಟ್ಟಲೆ ತತ್ತಿಯ ಮಾತೇ ಇಲ್ಲ. ಗಿರಿರಾಜ ಎಂಬ ಹೊಸ ತಳಿ ಹಾಗಲ್ಲ. ದೊಡ್ಡ ಮೈ, ದೊಡ್ಡ ತತ್ತಿ, ಬಹಳ ದಿನ ಇಡುತ್ತದೆ. ಆದರೆ ಕಾವಿಗೆ ಕೂರುವುದಿಲ್ಲ, ಹಾರುವುದಿಲ್ಲ, ಬೆಕ್ಕು ಎದುರಿಗೆ ಬಂದು ನಿಂತರೂ ಏನು ಎಂಬಂತೆ ನೋಡುತ್ತ ನಿಲ್ಲುತ್ತದೆ. ಅಪ್ಪನಿಗೆ ದಿನಾ ತತ್ತಿ ಬೇಕು, ಮನೆಯಲ್ಲಿ ಮರಿಯೂ ಆಗಬೇಕು. ಹಾಗಾಗಿ ಎರಡೂ ಜಾತಿಯವು ಇರಲಿ, ಬೇರೆ ಬೇರೆ ಎರಡು ಗೂಡು ಇರಲಿ, ಇಲ್ಲವಾದರೆ ದೊಡ್ಡವು ಸಣ್ಣವಕ್ಕೆ ಕಾಳು ಮುಟ್ಟಗೊಡುವುದಿಲ್ಲ ಎಂದು ಅವ್ವ ನಿಶ್ಚಯಿಸಿದಳು.

ಎರಡನೆಯ ಗೂಡಿಗೆ ಇದ್ದ ಜಾಗ ಒಂದೇ, ಪಡಸಾಲೆಯ ಪಕ್ಕ, ಅಪ್ಪನ ತಲೆದೆಸೆಗೆ. ಅವ್ವ ಅಲ್ಲಿಯೇ ಇಟ್ಟಿಗೆ ಜೋಡಿಸಿ, ಜಾಳಿಗೆ ಬಿಗಿದು, ನಾಲ್ಕು ಕೋಳಿ ಬಿಟ್ಟಳು. ಅವು ರೆಕ್ಕೆ ಬಡಿದಾಗ ಏಳುವ ಪುಡಿಯೂ ಹೊಟ್ಟಿನ ಧೂಳೂ ಸೀದಾ ಅಪ್ಪನ ಮೂಗಿಗೆ ಹೋಯಿತು. ಆ ದಿನ ಅವನಿಗೆ ಉಸಿರು ಎಳೆದುಕೊಳ್ಳುವುದೇ ಕಷ್ಟವಾಯಿತು. ಸಂಜೆಗೆ ಅವ್ವ ತಾನೇ ಕಟ್ಟಿದ ಗೂಡನ್ನು ತಾನೇ ಕಿತ್ತು ಹಾಕಿದಳು. ಎಲ್ಲ ಕೋಳಿಗಳೂ ಬಚ್ಚಲ ಪಕ್ಕದ ಒಂದೇ ಗೂಡಿಗೆ ಬಂದವು, ನಡುವೆ ಬಿದಿರಿನ ಒಂದು ತಟ್ಟಿ. ರಾತ್ರಿಗೆ ಅವು ಬೇರೆ ಬೇರೆ, ಹಗಲಿಗೆ ಎಲ್ಲ ಒಂದೇ. ಮುಂದೆ ಅವ್ವ ಜೀವಮಾನವಿಡೀ ಹೇಳಿಕೊಂಡು ಬಂದ ತಪ್ಪು ಇದೇ. ಆ ತಪ್ಪನ್ನು ಮಾಡಿದ್ದೂ ಅಪ್ಪನ ಉಸಿರಿಗೋಸ್ಕರ ಎಂಬುದನ್ನು ನಾನು ಎಷ್ಟು ಸಲ ಹೇಳಿದರೂ ಅವಳ ಕಿವಿಗೆ ಹೋಗಲಿಲ್ಲ.

ಗಿರಿರಾಜದ ಮರಿಗಳನ್ನು ಸಂತೆಯಿಂದ ತಂದಾಗ ಹೆಣ್ಣು ಯಾವುದು, ಗಂಡು ಯಾವುದು ಎಂದು ಗೊತ್ತಾಗುವ ವಯಸ್ಸಲ್ಲ. ಬೆಳೆದಾಗ ಅವುಗಳಲ್ಲಿ ಒಂದು ಹುಂಜ ಎಂದು ತಿಳಿಯಿತು. ಹುಂಜ ಅಂದರೆ ಅದೆಂಥ ಹುಂಜ! ನಮ್ಮ ಜವಾರಿ ಹುಂಜ ಒಂದೇ ಸಲ ಅದರ ಎದುರಿಗೆ ನಿಂತು ನೋಡಿ, ನೇಕಾರರ ಮಾಳಿಗೆ ಹತ್ತಿ, ಅಲ್ಲೇ ಸಂಸಾರ ಹೂಡಿತು. ಅಪ್ಪ ಈ ದೊಡ್ಡದಕ್ಕೆ "ಡೀಸಿ ಸಾಹೇಬ್ರು" ಅಂತ ಹೆಸರಿಟ್ಟ. ಹೊಸ ಜಿಲ್ಲೆಗೆ ಬಂದ ಸಾಹೇಬರಲ್ಲಿ ನಮ್ಮ ಮನೆಗೆ ಬಂದವರು ಇವರೊಬ್ಬರೇ ಎನ್ನುತ್ತಿದ್ದ. ಅವ್ವ ತಲೆಗೆ ಸೆರಗು ಹೊದ್ದು ಸಾಹೇಬರಿಗೆ ಕಾಳು ಹಾಕಬೇಕೆಂದು ಹೇಳಿ ನಗಿಸುತ್ತಿದ್ದ. ತತ್ತಿಗಳು ಬರತೊಡಗಿದವು. ಅಪ್ಪ ಕುದಿಸಿದ ತತ್ತಿಯನ್ನು ದಾರದಿಂದ ಎರಡು ಹೋಳು ಮಾಡಿ, ಅವ್ವ ಅತ್ತ ತಿರುಗಿದಾಗ ಒಂದು ಹೋಳನ್ನು ನನ್ನ ಬಾಯಿಗೆ ತುರುಕುತ್ತಿದ್ದ. ಆ ಕೆಲವು ತಿಂಗಳು ನಾವು ಸುಖವಾಗಿದ್ದೆವು.

ಮಳೆಗಾಲದಲ್ಲಿ ಅಪ್ಪನಿಗೆ ಜೋರಾಯಿತು. ಆಸ್ಪತ್ರೆಗೆ ಸೇರಿಸಿ, ಮೂಗಿಗೆ ನಳಿಗೆ ಇಟ್ಟು, ಹೇಗೋ ಬದುಕಿಸಿ ಕಳಿಸಿದರು. ಅವನು ಒಳಗಿದ್ದಾಗ ಅವ್ವ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಹರಕೆ ಹೊತ್ತಳು. ಶಿರಹಟ್ಟಿ ದಾಟಿದ ಮೇಲೆ ಹೊಲಗಳ ನಡುವೆ ಒಂದು ಸಣ್ಣ ದರ್ಗಾ ಇದೆ. ಅವಳ ತವರಿನವರು ಏನೇ ಕಷ್ಟ ಬಂದರೂ ಅಲ್ಲಿಗೇ ಹೋಗುವುದು. ಗಂಡ ತನ್ನ ಕಾಲಮೇಲೆ ನಡೆದು ಬಂದರೆ, ತನ್ನ ಮನೆಯ ಕಾವಿನಲ್ಲಿ ಹುಟ್ಟಿದ ಕೆಂಪು ಜವಾರಿ ಹುಂಜವನ್ನು ಕೊಡುತ್ತೇನೆ ಎಂದು ಬೇಡಿಕೊಂಡಳು.

ಆ ಹರಕೆಗೆ ಅವಳ ತವರಿನಲ್ಲಿ ಕಟ್ಟುನಿಟ್ಟಾದ ಪದ್ಧತಿ ಉಂಟು. ಹರಕೆಯ ಹುಂಜವನ್ನು ಕೊಂಡು ತರುವಂತಿಲ್ಲ. ಮನೆಯ ಜವಾರಿ ಕೋಳಿ ಇಟ್ಟ ತತ್ತಿಗೆ ಇದ್ದಿಲಿನಿಂದ ಗೀರು ಹಾಕಿ, ಅದೇ ಕೋಳಿಯನ್ನೇ ಕಾವಿಗೆ ಕೂರಿಸಬೇಕು. ಮರಿಗಳಲ್ಲಿ ಮೊದಲು ತುರಾಯಿ ಕೆಂಪಾದ ಗಂಡಿನ ಕಾಲಿಗೆ ಹಸಿರು ದಾರ ಕಟ್ಟಬೇಕು. ಕಟ್ಟಿದ ಮೇಲೆ ಅದನ್ನು ಹೊಡೆಯಬಾರದು, ಬಯ್ಯಬಾರದು, ಮಾರುವುದಂತೂ ಇಲ್ಲವೇ ಇಲ್ಲ. ಅವ್ವ ಇದೆಲ್ಲವನ್ನೂ ಅಕ್ಷರಶಃ ಪಾಲಿಸಿದಳು. ಜವಾರಿ ಕೋಳಿಗೆ ಬೇರೆ ಬುಟ್ಟಿ ಕೊಟ್ಟು, ಗಿರಿರಾಜದ ಒಂದು ತತ್ತಿಯೂ ಅದರ ಹತ್ತಿರ ಸುಳಿಯದಂತೆ ಕಾದಳು. ಒಂದು ಸಲ ನಾನು ಅವಸರದಲ್ಲಿ ಆ ಬುಟ್ಟಿಗೆ ಕೈ ಹಾಕಿದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ದಳು.

ಅವಳು ಯೋಚಿಸದೇ ಇದ್ದದ್ದು ಹುಂಜದ ಬಗ್ಗೆ. ಹಿರೇವಡ್ಡಟ್ಟಿಯಲ್ಲಿ ಯಾರೂ ಅದನ್ನು ಯೋಚಿಸಿದವರಲ್ಲ. ಅಲ್ಲಿ ತಾಯಿ ಕೋಳಿ ಯಾವುದು, ತತ್ತಿ ಯಾವುದು, ಇಷ್ಟನ್ನೇ ನೋಡುವುದು. ತಂದೆ ಯಾವುದಾದರೇನು, ಊರಿನ ಹುಂಜಗಳೆಲ್ಲ ಜವಾರಿಯೇ. ನಮ್ಮ ಹಿತ್ತಲಲ್ಲಿ ಜವಾರಿ ಹುಂಜ ಮಾಳಿಗೆ ಹತ್ತಿ ಕೂತಿತ್ತು, ಕೆಳಗೆ ರಾಜ್ಯ ಆಳುತ್ತಿದ್ದವರು ಡೀಸಿ ಸಾಹೇಬರು. ತತ್ತಿಗೆ ಗೀರು ಹಾಕಿದ ಕೈಗೆ ಇದು ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ, ಅಪ್ಪನಿಗೆ ಹೊಳೆದಿದ್ದರೂ ಅವನು ನಕ್ಕು ಸುಮ್ಮನಾಗಿರಬೇಕು.

ಮರಿ ಬೆಳೆಯಿತು. ಬಣ್ಣವೇನೋ ಕೆಂಪೇ. ಬಯ್ಯುವಂತಿಲ್ಲ, ಓಡಿಸುವಂತಿಲ್ಲ ಎಂಬುದು ಅದಕ್ಕೆ ಯಾರು ಹೇಳಿಕೊಟ್ಟರೋ, ಒಳಗೆ ಬಂದು ಹೊಲಿಯಲು ಹಾಸಿದ ಗಾದಿಯ ಅರಿವೆಯ ಮೇಲೆ ನಿಂತು ತನ್ನ ಕೆಲಸ ಮುಗಿಸಿ ಹೋಗುತ್ತಿತ್ತು. ನಾನು ಹಲ್ಲು ಕಡಿಯುತ್ತಿದ್ದೆ. ಅಪ್ಪ, ಗಿರಾಕಿಗೆ ಒಳ್ಳೆಯ ಶಕುನ ಎಂದು ಹೇಳಿ ಕೊಡೋಣ ಎನ್ನುತ್ತಿದ್ದ. ಅವನು ಬೇವಿನ ಗಿಡದ ತನಕ ನಡೆದ, ಆಮೇಲೆ ಓಣಿಯ ತುದಿಯ ತನಕ, ಆಮೇಲೆ ಮಸೀದಿಯ ತನಕ. ಹರಕೆ ತೀರಿಸುವ ಹೊತ್ತು ಬಂತು ಎಂದು ಅವ್ವ ತಂಗಿಗೆ ಖಬರು ಕಳಿಸಿದಳು.

ಬುಟ್ಟಿಯಲ್ಲಿ ಹುಂಜ ಹೊತ್ತುಕೊಂಡು ಬಸ್ಸಿನಲ್ಲಿ ಶಿರಹಟ್ಟಿಗೆ ಹೋಗಿ, ಅಲ್ಲಿಂದ ಟೆಂಪೋ ಹಿಡಿದು ದರ್ಗಾ ಮುಟ್ಟಿದೆವು. ಚಿಕ್ಕವ್ವ ಹಿರೇವಡ್ಡಟ್ಟಿಯಿಂದ ಮೊದಲೇ ಬಂದು ಒಲೆ ಹೂಡಿ ಕೂತಿದ್ದಳು. ಹುಂಜದ ಕಾಲು ತೊಳೆಯಲೆಂದು ಬುಟ್ಟಿಯಿಂದ ಎತ್ತಿಕೊಂಡವಳು ಅದನ್ನು ಅಲ್ಲೇ ತೂಗಿ ನೋಡಿ, ಕಾಲು ಹಿಡಿದು ನೋಡಿ, ಅವ್ವನ ಮುಖ ನೋಡಿದಳು.

"ಅಕ್ಕಾ, ಇದು ಜವಾರಿ ಅಲ್ಲ. ಕಾಲ್ ಎಷ್ಟು ದಪ್ಪ ಅದಾವ ನೋಡು. ಇದಕ ಗಿರಿರಾಜದ ಹುಂಜ ಬಿದ್ದೈತಿ."

ಅವಳು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ಅವ್ವನ ಮುಖದಲ್ಲಿ ರಕ್ತ ಇಳಿದುಹೋಗಿದ್ದನ್ನು ನಾನು ಕಂಡೆ. ಅವಳು ಹುಂಜವನ್ನು ಇಸಿದುಕೊಂಡು, ಅದರ ಕಾಲನ್ನೇ ನೋಡುತ್ತ, ದರ್ಗಾದ ಹೊರಗಿನ ಕಟ್ಟೆಯ ಮೇಲೆ ಕೂತುಬಿಟ್ಟಳು. ದರ್ಗಾ ನೋಡಿಕೊಳ್ಳುವ ಮುಜಾವರರಿಗೆ ವಿಷಯ ಹೋಯಿತು. ಮುದುಕರು, ಒಳ್ಳೆಯವರು. ಅವರು ಬಂದು ಹುಂಜವನ್ನು ಎತ್ತಿಕೊಂಡರು.

"ಇರ್ಲಿ ತಾಯಿ, ಮನಸ್ಸು ಜವಾರಿ ಇದ್ರ ಆತು" ಎಂದು ಹೇಳಿ, ಸಕ್ಕರೆಯ ಮೇಲೆ ಫಾತೆಹಾ ಓದಿ, ಪೂರಾ ಶಾಸ್ತ್ರ ಮಾಡಿ ಮುಗಿಸಿದರು. ಅಪ್ಪ ಬಹಳ ದಿನದ ಮೇಲೆ ಹೊಟ್ಟೆ ತುಂಬ ಉಂಡ. ಎರಡನೇ ಸಲ ಸಾರು ಹಾಕಿಸಿಕೊಂಡು, ಜವಾರಿಯ ರುಚಿ, ಗಿರಿರಾಜದ ಗಾತ್ರ, ಎರಡೂ ಸಿಕ್ಕ ಹರಕೆ ಇದೊಂದೇ ಎಂದು ಚಿಕ್ಕವ್ವನನ್ನು ನಗಿಸಿದ. ಅವ್ವ ಒಂದು ತುತ್ತನ್ನೂ ಮುಟ್ಟಲಿಲ್ಲ.

ಆ ವರ್ಷವೇ ನಾನು ಗದಗಿನಲ್ಲಿ ಟೀಚರ್ ಟ್ರೇನಿಂಗಿಗೆ ಸೇರಿದ್ದೆ. ಚಳಿಗಾಲ ಬಂತು. ಗಾದಿಯವರ ಸುಗ್ಗಿ ಅದು. ಹೊಸ ಹತ್ತಿ ಬರುತ್ತದೆ, ಹಳೆಯ ಗಾದಿ ಬಿಚ್ಚಿ ಹಿಂಜಿಸುವವರು ಬರುತ್ತಾರೆ, ಮದುವೆಯ ಗಾದಿಗಳ ಬೇಡಿಕೆ ಶುರುವಾಗುತ್ತದೆ. ಅಷ್ಟು ದಿನ ಬರೀ ಹೊಲಿಗೆ ಮಾಡಿಕೊಂಡಿದ್ದ ಅಪ್ಪ ಮೂಗಿಗೆ ವಸ್ತ್ರ ಕಟ್ಟಿಕೊಂಡು ಮತ್ತೆ ಮಷೀನಿಗೆ ಕೂತ. ನಾನು ಕಾಲೇಜಿನಿಂದ ಬರುವ ಹೊತ್ತಿಗೆ ಅವನ ಹುಬ್ಬು, ಕಣ್ರೆಪ್ಪೆ ಎಲ್ಲ ಬೆಳ್ಳಗಾಗಿರುತ್ತಿದ್ದವು. ಕೈಯಿಂದ ಒರೆಸಿಕೊಂಡು, ಮೇಷ್ಟರಮ್ಮ ಬಂದಳು, ಚಹಾ ಮಾಡು ಎಂದು ಅವ್ವನಿಗೆ ಕೂಗುತ್ತಿದ್ದ.

ಚಳಿಗಾಲ ಮುಗಿಯುವ ಮೊದಲೇ ಅವನು ಹೋದ. ಕೊನೆಕೊನೆಗೆ ಮಲಗಲೂ ಆಗುತ್ತಿರಲಿಲ್ಲ, ಮಲಗಿದರೆ ಉಸಿರು ಕಟ್ಟುತ್ತಿತ್ತು. ಊರಿಗೆಲ್ಲ ಗಾದಿ ಮಾಡಿಕೊಟ್ಟವನು ಸುತ್ತಿಟ್ಟ ಒಂದು ಗಾದಿಗೆ ಬೆನ್ನು ಕೊಟ್ಟು ಕೂತುಕೊಂಡೇ, ಒಂದು ಬೆಳಿಗ್ಗೆ, ನಾನು ಅವನ ಕಾಲು ಒತ್ತುತ್ತಿದ್ದಾಗ ಉಸಿರು ನಿಲ್ಲಿಸಿದ. ನಾನು ಒತ್ತುತ್ತಲೇ ಇದ್ದೆ. ಅವ್ವ ಬಂದು ನನ್ನ ಕೈ ಹಿಡಿದು ನಿಲ್ಲಿಸಿದಳು.

ನಲವತ್ತು ದಿನ ಕಳೆದ ಮೇಲೆ ಅವ್ವ ಕೋಳಿಗಳನ್ನೆಲ್ಲ ಓಣಿಯವರಿಗೆ ಹಂಚಿಬಿಟ್ಟಳು. ಗೂಡನ್ನು ತೊಳೆದು, ಬಿಸಿಲಿಗೆ ಬಿಟ್ಟು, ಅದರ ಎದುರಿಗೆ ಕೂತು ಮೊದಲ ಸಲ ಆ ಮಾತು ಹೇಳಿದಳು. ಹರಕೆ ಸುಳ್ಳಾಯಿತು, ಕೊಡುತ್ತೇನೆ ಅಂದದ್ದು ಒಂದು, ಕೊಟ್ಟದ್ದು ಇನ್ನೊಂದು, ಒಂದೇ ಗೂಡು ಮಾಡಿ ತಾನೇ ಕೆಡಿಸಿದೆ ಎಂದಳು. ನಾನು ದುಃಖದಲ್ಲಿದ್ದೆ, ಸಿಟ್ಟಿಗೆದ್ದೆ. ದರ್ಗಾದ ಪೀರಸಾಹೇಬರು ಕೋಳಿಯ ಕಾಲು ಅಳೆದು ಮನುಷ್ಯರ ಆಯುಷ್ಯ ಬರೆಯುತ್ತಾರೇನು ಎಂದು ಕೂಗಿದೆ. ಎಕ್ಸರೇ ತಂದು ಅವಳ ಮಡಿಲಲ್ಲಿ ಹಾಕಿದೆ. ಅವಳು ಅದನ್ನು ನೋಡದೆ ಮಡಿಚಲು ಹೋದಳು, ಅದು ಮಡಿಚುವಂಥದ್ದಲ್ಲ ಎಂದು ಆಮೇಲೆ ನೆನಪಾಗಿ ಗೋಡೆಗೆ ಒರಗಿಸಿ ಇಟ್ಟಳು.

ಅಲ್ಲಿಂದ ಅವ್ವ ಓಣಿಗೆಲ್ಲ ಕೋಳಿಯ ಪಂಡಿತಳಾದಳು. ತಾನು ಸಾಕಲಿಲ್ಲ, ಯಾರು ಸಾಕಿದರೂ ಕರೆಯದೆಯೇ ಹೋಗಿ ನಿಲ್ಲುತ್ತಿದ್ದಳು. ಜಾಗ ಸಣ್ಣದಿದ್ದರೆ ಒಂದೇ ತಳಿ ಸಾಕಿರಿ, ಜವಾರಿ ಬೇಕೆಂದರೆ ಜವಾರಿ ಮಾತ್ರ, ಎರಡು ಬೇಕೆಂದರೆ ಎರಡು ಗೂಡು, ಎರಡು ಅಂಗಳ. ಯಾಕೆ ಎಂದು ಯಾರಾದರೂ ಕೇಳಿದರೆ ಮುಚ್ಚುಮರೆಯಿಲ್ಲದೆ ತನ್ನ ಕತೆ ಹೇಳುತ್ತಿದ್ದಳು, ನನ್ನ ಸಂಬಂಧ ನೋಡಲು ಬಂದವರ ಎದುರಿಗೂ. ನನಗೆ ನಾಚಿಕೆ, ಸಂಕಟ. ಗಂಡನನ್ನು ತಾನೇ ಕೊಂದೆ ಎಂದು ಊರ ತುಂಬ ಸಾರಿಕೊಂಡು ಬರುವ ತಾಯಿಯನ್ನು ಸಹಿಸಿಕೊಳ್ಳುವುದು ಸುಲಭವಲ್ಲ. ಪುಸ್ತಕ ತಂದು ಓದಿ ಹೇಳಿದೆ, ಹತ್ತಿ ಹಿಂಜುವ ಎಷ್ಟೋ ಜನ ಹೀಗೇ ಹೋಗುತ್ತಾರೆ ಎಂದು ಲಕ್ಷ್ಮೇಶ್ವರದ ನಮ್ಮವರನ್ನೇ ಬೆರಳು ಮಡಿಚಿ ತೋರಿಸಿದೆ. ಅವಳು ಎಲ್ಲವನ್ನೂ ಕೇಳಿ, ಹೌದು ಎಂದು ತಲೆಯಾಡಿಸಿ, ಮರುದಿನ ಮತ್ತೊಬ್ಬರ ಮನೆಯಲ್ಲಿ ಅದೇ ಕತೆ ಹೇಳುತ್ತಿದ್ದಳು.

ನನಗೆ ನೌಕರಿಯಾಯಿತು, ಮದುವೆಯಾಯಿತು, ಮುಂಡರಗಿಯಲ್ಲಿ ಒಂದು ಸಣ್ಣ ಮನೆಯೂ ಆಯಿತು. ಹಿಂದೆ ಧಾರಾಳ ಜಾಗ. ನನಗೂ ಕೋಳಿ ಸಾಕುವ ಮನಸ್ಸಾಯಿತು. ಈಗ ತಳಿಗಳಿಗೇನು ಬರವಿಲ್ಲ, ಸ್ವರ್ಣಧಾರಾ ಅನ್ನುತ್ತಾರೆ, ಮೂಳೆಯತನಕ ಕಪ್ಪಗಿರುವ ಕಡಕನಾಥ ಅನ್ನುತ್ತಾರೆ. ನಾನು ಮಾತ್ರ ಜವಾರಿ ಒಂದಿಷ್ಟು, ಗಿರಿರಾಜ ಒಂದಿಷ್ಟು, ಎರಡೂ ಒಂದೇ ದೊಡ್ಡ ಗೂಡಿನಲ್ಲಿ ಎಂದು ಹಟ ಹಿಡಿದೆ. ಎರಡು ಗೂಡಿಗೆ ಜಾಗವಿರಲಿಲ್ಲ ಅಂತಲ್ಲ. ಎರಡು ಕಟ್ಟಿದರೆ ಅವ್ವ ಗೆದ್ದ ಹಾಗೆ, ಅವಳ ಮಾತು ಖರೆ ಎಂದು ನಾನೇ ಒಪ್ಪಿಕೊಂಡ ಹಾಗೆ. ನನ್ನ ಮನೆಯ ಹಿತ್ತಲಲ್ಲಾದರೂ ಆ ಸುಳ್ಳಿಗೆ ಜಾಗ ಇರಬಾರದು ಎಂದುಕೊಂಡಿದ್ದೆ.

ಅವ್ವ ನೋಡಲು ಬಂದಳು. ಬಂದವಳೇ ಚಹಾನೂ ಕುಡಿಯದೆ ಹಿಂದಕ್ಕೆ ಹೋದಳು. ವಯಸ್ಸಾಗಿದ್ದರೂ ಬಗ್ಗಿ ಮೊಳ ಹಾಕಿ ಅಳೆದಳು. ನಾನು ಇಟ್ಟಿಗೆ ಇಟ್ಟು ಗುರುತು ಮಾಡಿದ್ದನ್ನು ನೋಡಿ, ಇನ್ನೊಂದು ಎಲ್ಲಿ ಎಂದು ಕೇಳಿದಳು. ಇನ್ನೊಂದಿಲ್ಲ, ಇದೊಂದೇ ಎಂದೆ. ಅವಳು ಬಿದ್ದಿದ್ದ ಇಟ್ಟಿಗೆಗಳನ್ನು ಒಂದೊಂದಾಗಿ ಎತ್ತಿ ಆಚೆ ಬದಿಗೆ ಜೋಡಿಸತೊಡಗಿದಳು. ನಾನು ಅವನ್ನು ತೆಗೆದು ಮತ್ತೆ ಇತ್ತ ಇಟ್ಟೆ. ಅವಳು ಮತ್ತೆ ಅತ್ತ ಇಟ್ಟಳು. ಇಬ್ಬರು ಬೆಳೆದ ಹೆಂಗಸರು ಮಟಮಟ ಮಧ್ಯಾಹ್ನದಲ್ಲಿ ಹೀಗೆ ಆಡುವುದನ್ನು ಯಾರಾದರೂ ನೋಡಿದ್ದರೆ ಏನಂದುಕೊಳ್ಳುತ್ತಿದ್ದರೋ.

ಕೊನೆಗೆ ನನ್ನ ಸಿಟ್ಟು ಕಟ್ಟೆಯೊಡೆಯಿತು. ಇಷ್ಟು ವರ್ಷ ಹೇಳಿದ್ದನ್ನೆಲ್ಲ ಮತ್ತೆ ಹೇಳಿದೆ. ಹತ್ತಿ, ಧೂಳು, ಎಕ್ಸರೇ, ಡಾಕ್ಟರು. ಅಪ್ಪ ಹೋದದ್ದು ಹತ್ತಿಯಿಂದ, ಹತ್ತಿಯಿಂದ, ಹತ್ತಿಯಿಂದ ಎಂದೆ. ಇದೊಂದು ಮಾತನ್ನು ಬಾಯಿಬಿಟ್ಟು ಒಪ್ಪಿಕೋ, ಆಮೇಲೆ ಬೇಕಾದರೆ ಹತ್ತು ಗೂಡು ಕಟ್ಟಿಸುತ್ತೇನೆ ಎಂದೆ. ಅವ್ವ ಕೈಯಲ್ಲಿದ್ದ ಇಟ್ಟಿಗೆಯನ್ನು ಕೆಳಗಿಟ್ಟು ಅದರ ಮೇಲೆಯೇ ಕೂತಳು.

"ಹತ್ತಿ ಅಂತ ನನಗೂ ಗೊತ್ತೈತಿ" ಅಂದಳು. "ಮೊದಮೊದ್ಲ ಹುಂಜ ಅಂತನ ನಂಬಿದ್ದೆ. ಆಮ್ಯಾಲೆ ತಿಳೀತು. ತಿಳದ ಮ್ಯಾಲೂ ಬಿಡಲಿಲ್ಲ."

ನನಗೆ ಅರ್ಥವಾಗಲಿಲ್ಲ. ತಿಳಿದ ಮೇಲೂ ಯಾಕೆ ಊರವರ ಮುಂದೆಲ್ಲ ನಿನ್ನ ಮೇಲೆ ಹಾಕಿಕೊಂಡು ತಿರುಗಿದೆ ಎಂದು ಕೇಳಿದೆ. ಅವ್ವ ಸೆರಗಿನಿಂದ ಕೈ ಒರೆಸಿಕೊಂಡಳು.

"ಹತ್ತಿ ಕೆಲಸ ಬಿಡು ಅಂತ ಡಾಕ್ಟರು ಹೇಳಿದ್ರು. ಆದ್ರೂ ಆ ಥಂಡಿಯಾಗ ನಿಮ್ಮಪ್ಪ ಮಷೀನಿಗೆ ಯಾಕ ಕುಂತ ಅಂತ ನೀ ಯಾವಾಗರೆ ಕೇಳೀಯೇನು?"

ನಾನು ಕೇಳಿರಲಿಲ್ಲ. ಇಷ್ಟು ವರ್ಷ ಹತ್ತಿ ಹತ್ತಿ ಎಂದು ಕೂಗಿದವಳು ಅದೊಂದನ್ನು ಕೇಳಿರಲಿಲ್ಲ. ಆ ಚಳಿಗಾಲ ನನ್ನ ಟ್ರೇನಿಂಗಿನದು. ಬಿಳಿ ಹುಬ್ಬು ಒರೆಸಿಕೊಂಡು ಮೇಷ್ಟರಮ್ಮ ಎಂದು ಕರೆಯುತ್ತಿದ್ದ ಮುಖ ಕಣ್ಣೆದುರಿಗೆ ಬಂತು. ಅವ್ವ ನನ್ನ ಮುಖ ನೋಡಲಿಲ್ಲ.

"ನಿನ್ನ ಓದು ಮುಗೀಲಿ, ಆಮ್ಯಾಲೆ ಬಿಡ್ತೀನಿ ಅಂದ. ನಾ ಬ್ಯಾಡ ಅಂದೆ, ಕೇಳಲಿಲ್ಲ. ಹತ್ತಿಯಿಂದ ಹೋದ ಅಂದ್ರ ನಿನ್ನ ಓದಸಾಕ ಹೋಗಿ ಹೋದ ಅಂದಂಗಾಕೈತಿ. ಅದನ್ನ ಹೊತ್ಕೊಂಡು ನೀ ದಿನಾ ಸಾಲಿಗೆ ಹೆಂಗ ಹೋಗ್ತಿದ್ದಿ ಯವ್ವಾ? ಹುಂಜ ಅಂದ್ರ ನನ್ನೊಬ್ಬಾಕಿ ಮ್ಯಾಲೆ ಇರತೈತಿ. ಇರ್ಲಿ ಬಿಡು, ನನಗ ರೂಢಿ ಆಗೈತಿ."

ನಾನು ಅತ್ತೆ. ಜೋರಾಗಿಯೇ ಅತ್ತೆ, ಅಪ್ಪ ಹೋದ ಬೆಳಿಗ್ಗೆಯೂ ಹಾಗೆ ಅತ್ತಿರಲಿಲ್ಲ. ಅವ್ವ ಸಮಾಧಾನ ಮಾಡಲು ಬರಲಿಲ್ಲ, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಕೂತೇ ಇದ್ದಳು. ಆಮೇಲೆ ನಾನು ಮುಖ ಒರೆಸಿಕೊಂಡು, ನನ್ನ ಕಡೆ ಎಳೆದುಕೊಂಡಿದ್ದ ಇಟ್ಟಿಗೆಗಳನ್ನು ಒಂದೊಂದಾಗಿ ಎತ್ತಿ ಆಚೆ ಬದಿಗೆ ಇಡತೊಡಗಿದೆ.

"ಎರಡನೇ ಗೂಡಿನ ಬಾಗಲಾ ಯಾವ ಕಡೆ ಇಡೂಣವ್ವಾ?"

ಅವ್ವ ನೆಲಕ್ಕೆ ಕೈಯೂರಿ ಎದ್ದು ಬಂದಳು. ನನ್ನ ಕೈಯಲ್ಲಿದ್ದ ಇಟ್ಟಿಗೆಯನ್ನು ಇಸಿದುಕೊಂಡು, ಅದನ್ನು ಎಲ್ಲಿ ಇಡಬೇಕೋ ಅಲ್ಲಿ ಇಟ್ಟಳು.